ದಾಳಿಂಬೆ ತೋಟಕ್ಕೆ ಅಜವಾನದ ಎಣ್ಣೆ

ನಮ್ಮವ್ವನಿಗೆ ಕಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ ಅದು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾದ ಹೊತ್ತಿಗೆ, ಅಂದರೆ ತೊಂಬತ್ತೇಳರ ಸುಮಾರಿಗೆ, ಆಕೆಗೆ ಕ್ಷಯ ಬಂತು. ಗುಳಿಗೆ ನುಂಗಿದಳು, ಹುಷಾರಾಯಿತೆಂದು ಅರ್ಧಕ್ಕೇ ಬಿಟ್ಟಳು, ಮತ್ತೆ ಮಲಗಿದಳು. ಎರಡನೇ ಸಲ ದಿನಾ ಸೂಜಿ. ಕುಷ್ಟಗಿಗೆ ಬಸ್ಸಿನಲ್ಲಿ ಹೋಗಿ ಸೊಂಟಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡು, ಕೂರಲಿಕ್ಕೆ ಆಗದೆ, ಬರುವಾಗ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತುಕೊಂಡೇ ಬರುತ್ತಿದ್ದಳು. ಕ್ಷಯ ಹೋಯಿತು. ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಮೊದಲು ಕುಕ್ಕರಿನ ಸೀಟಿ ಕೇಳಲಿಲ್ಲ, ಆಮೇಲೆ ಮೊಮ್ಮಕ್ಕಳ ಅಳು, ಆಮೇಲೆ ನಾವೆಲ್ಲ. ಆ ಔಷಧಕ್ಕೆ ಅಂಥದೊಂದು ಗುಣ ಇದೆ ಎಂದು ಮುಂದೆ ಓದಿ ತಿಳಿದುಕೊಂಡೆ. ಜೀವ ಉಳಿಸಿದ್ದನ್ನು ಬೈಯಲಿಕ್ಕೂ ಬಾಯಿ ಬರುವುದಿಲ್ಲ.

ಆಕೆಯ ಜೊತೆ ಮಾತಾಡಬೇಕೆಂದರೆ ಊರಿಗೆಲ್ಲ ಕೇಳುವಂತೆ ಕೂಗಬೇಕು. ದಿನವಿಡೀ ಕೂಗುವ ಶಕ್ತಿ ಯಾರಿಗಿದೆ? ಹಾಗಾಗಿ ತೀರಾ ಬೇಕಾದದ್ದನ್ನು ಮಾತ್ರ ಕೂಗಿ ಹೇಳುವುದು, ಉಳಿದದ್ದನ್ನೆಲ್ಲ ಆಕೆಯ ಎದುರೇ ಸಣ್ಣ ದನಿಯಲ್ಲಿ ಆಡಿಕೊಳ್ಳುವುದು ನಮ್ಮ ಮನೆಯ ರೂಢಿಯಾಯಿತು. ಅವ್ವ ನಡುವೆ ಕೂತು ಅವರೆಕಾಯಿ ಸುಲಿಯುತ್ತ ಎಲ್ಲರ ಮುಖ ನೋಡುತ್ತಿರುತ್ತಾಳೆ, ಏನೂ ತಿಳಿಯದಿದ್ದರೂ ಹ್ಞೂಂ ಅಂತ ತಲೆಯಾಡಿಸುತ್ತಾಳೆ. ಒಳ್ಳೆಯ ರೂಢಿ ಏನಲ್ಲ. ಆದರೆ ಮನೆ ಎಂದ ಮೇಲೆ ಒಳ್ಳೆಯ ರೂಢಿಗಳೇ ಇರಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

ನಮ್ಮೂರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಕೆಂಪು ಮಣ್ಣಿನ ಮಸಾರಿ ಸೀಮೆ. ಅಪ್ಪ ತೀರಿಕೊಳ್ಳುವ ಮೊದಲೇ ಹೊಲವನ್ನು ನಮ್ಮ ಅಣ್ಣನಿಗೂ ತಮ್ಮನಿಗೂ ಸರಿಪಾಲು ಮಾಡಿ, ನಡುವೆ ಒಡ್ಡು ಹಾಕಿಸಿದ್ದ. ಇಬ್ಬರೂ ಸಜ್ಜೆ, ತೊಗರಿ ಬಿಟ್ಟು ದಾಳಿಂಬೆ ಹಚ್ಚಿದರು. ಹನಿ ನೀರಾವರಿ ಪೈಪು ಎಳೆದದ್ದೂ ಒಟ್ಟಿಗೇ, ಬೋರಿನ ನೀರು ಹಂಚಿಕೊಂಡದ್ದೂ ಜಗಳವಿಲ್ಲದೆ. ನಾನು ಅಷ್ಟು ಹೊತ್ತಿಗೆ ಕೊಪ್ಪಳದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವ ಮೇಡಂ ಆಗಿದ್ದೆ. ನಾನು ಹೇಳುವ ಪಾಠಕ್ಕೂ ನಮ್ಮ ಹೊಲಕ್ಕೂ ಸಂಬಂಧವಿದೆ ಎಂದು ನಮ್ಮ ಮನೆಯಲ್ಲಿ ಯಾರೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ.

ಅಣ್ಣನ ತೋಟಕ್ಕೆ ಚುಕ್ಕೆ ರೋಗ ಬಂದ ಮೇಲೆ ನಂಬಬೇಕಾಯಿತು. ಎಲೆಯ ಮೇಲೆ ಎಣ್ಣೆ ಸಿಡಿದ ಹಾಗೆ ಸಣ್ಣ ಕಲೆ, ಆಮೇಲೆ ಅದು ಕಪ್ಪಾಗುವುದು, ಕೊನೆಗೆ ಕಾಯಿಯೇ ಸೀಳಿ ಬಾಯಿ ತೆರೆಯುವುದು. ಬೂಷ್ಟಿನಿಂದ ಬರುವ ರೋಗವಲ್ಲ ಅದು, ಬ್ಯಾಕ್ಟೀರಿಯಾದಿಂದ ಬರುವುದು. ಔಷಧ ಅಂಗಡಿಯವನು ಸಣ್ಣ ಪ್ಯಾಕೆಟ್ಟಿನ ಬಿಳಿ ಪುಡಿ ಕೊಟ್ಟ. ರವಿವಾರ ಊರಿಗೆ ಹೋದಾಗ ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದಿದೆ. ಸ್ಟ್ರೆಪ್ಟೊಮೈಸಿನ್. ಅವ್ವನ ಸೊಂಟಕ್ಕೆ ಹೋದದ್ದೇ ಈಗ ಡ್ರಮ್ಮುಗಟ್ಟಲೆ ನೀರಿನಲ್ಲಿ ಕದಡಿ ಗಿಡಗಳ ಮೇಲೆ ಹೋಗುತ್ತಿತ್ತು. ಅವ್ವನಿಗೆ ಪ್ಯಾಕೆಟ್ಟು ತೋರಿಸಿ ಕೂಗಿ ಹೇಳಿದೆ. ಆಕೆ ಬಾಯಿ ತುಂಬ ನಕ್ಕಳು.

"ಗಿಡಕ್ಕ ಕಿವಿ ಎಲ್ಲಿರತಾವ ಬಿಡವಾ, ಹೊಡೀಲಿ."

ಹೊಡೆದ. ಮೊದಮೊದಲು ಚುಕ್ಕೆ ಒಣಗಿತು. ಆಮೇಲೆ ಅಣ್ಣ ಒಂದು ಪ್ಯಾಕೆಟ್ಟಿನ ಜಾಗಕ್ಕೆ ಎರಡು ಹಾಕಿದ, ವಾರಕ್ಕೊಮ್ಮೆ ಇದ್ದದ್ದು ವಾರಕ್ಕೆರಡಾಯಿತು. ಸುತ್ತಲಿನ ತೋಟದವರೂ ಹಾಗೇ ಮಾಡುತ್ತಿದ್ದರು. ದಿನಾ ಬಡಿಗೆ ತೋರಿಸಿದರೆ ಹುಡುಗ ಅಂಜುವುದನ್ನು ಬಿಡುತ್ತಾನಲ್ಲ, ಹಾಗಾಯಿತು. ಔಷಧಕ್ಕೆ ಸಾಯುವ ಬ್ಯಾಕ್ಟೀರಿಯಾ ಸತ್ತು, ಸಾಯದೆ ಉಳಿದವು ಮರಿ ಹಾಕಿಕೊಂಡು ತೋಟ ತುಂಬಿದವು. ಇದನ್ನು ನಾನು ವರ್ಷಾ ವರ್ಷಾ ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದ್ದೆ. ಬರೆದದ್ದು ನಮ್ಮ ಹೊಲದಲ್ಲೇ ಎದ್ದು ನಿಂತರೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ತಮ್ಮನ ತೋಟಕ್ಕೆ ಇನ್ನೂ ಬಂದಿರಲಿಲ್ಲ. ಬಾರದಿರಲೆಂದು ಅವನು ಮಾಡಬಾರದ್ದೇನನ್ನೂ ಮಾಡಲಿಲ್ಲ, ಎಲ್ಲ ತೋಟದವರೂ ಮಾಡುವುದನ್ನೇ ಮಾಡಿದ. ಒಡ್ಡಿನ ಉದ್ದಕ್ಕೂ ಹಗ್ಗ ಕಟ್ಟಿದ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರು ತುಂಬಿದ ಪ್ಲಾಸ್ಟಿಕ್ ಬುಟ್ಟಿ ಇಟ್ಟ, ಕಾಲು ಅದ್ದಿಯೇ ಒಳಗೆ ಬರಬೇಕು. ಅಣ್ಣನಿಗೆ ಮಾತ್ರ ಕಾಲು ಅದ್ದಿದರೂ ಪ್ರವೇಶವಿಲ್ಲ. ಈ ರೋಗ ಕತ್ತರಿಯಿಂದ ಹೋಗುತ್ತದೆ, ಒದ್ದೆ ಎಲೆ ಸವರಿದ ಅಂಗಿಯಿಂದ ಹೋಗುತ್ತದೆ, ಅದು ಅಣ್ಣನಿಗೂ ಗೊತ್ತು. "ಅಂವ ಅನ್ನೂದು ಖರೇನ ಐತಿ," ಅನ್ನುತ್ತಿದ್ದ. ಒಡ್ಡಿನ ಆಚೆ ಒಬ್ಬ ಈಚೆ ಒಬ್ಬ ನಿಂತು, ಮುಖ ಕಾಣುವಷ್ಟು ಹತ್ತಿರ ಇದ್ದೂ, ಮೊಬೈಲಿನಲ್ಲಿ ನೀರಿನ ಪಾಳಿ ಮಾತಾಡುತ್ತಿದ್ದರು. ನೋಡಿದರೆ ನಗು ಬರಬೇಕು. ನನಗೆ ಬರಲಿಲ್ಲ.

ಅಣ್ಣನ ತೋಟದ ಎಲೆಗಳನ್ನು ಕವರಿನಲ್ಲಿ ಕಟ್ಟಿಕೊಂಡು ಕಾಲೇಜಿಗೆ ಒಯ್ದೆ. ನಮ್ಮ ಲ್ಯಾಬು ಹೆಸರಿಗೆ ಲ್ಯಾಬು. ಗಾಜಿನ ತಟ್ಟೆಗಳನ್ನು ಮನೆಯ ಕುಕ್ಕರಿನಲ್ಲಿ ಕುದಿಸಿ ಶುದ್ಧ ಮಾಡಿಕೊಂಡೆ. ಗಂಜಿ ಹೆಪ್ಪುಗಟ್ಟಿದಂಥ ಆಹಾರದ ಮೇಲೆ ಬ್ಯಾಕ್ಟೀರಿಯಾ ಹಳದಿಯಾಗಿ, ಮಿರಮಿರ ಮಿಂಚುತ್ತ ಬೆಳೆಯಿತು. ಚಂದವೇ ಇತ್ತು, ಹೇಳಲಿಕ್ಕೆ ನಾಚಿಕೆ. ಅದರ ಮೇಲೆ ಔಷಧದಲ್ಲಿ ನೆನೆಸಿದ ಕಾಗದದ ಬಿಲ್ಲೆ ಇಟ್ಟರೆ ಬಿಲ್ಲೆಯ ಅಂಚಿನವರೆಗೂ ಬಂದು ಅದರ ಮೈಗೆ ಮೈ ಹಚ್ಚಿ ಬೆಳೆಯಿತು. ಆಮೇಲೆ ಬೇರೆ ಬಿಲ್ಲೆಗಳನ್ನಿಟ್ಟೆ. ಲವಂಗದ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆ, ಅಜವಾನದ ಎಣ್ಣೆ. ಎಣ್ಣೆ ಎಂದರೆ ಶೇಂಗಾ ಕುಸುಬಿಯ ಹಾಗೆ ಗಾಣದಲ್ಲಿ ಹಿಂಡುವುದಲ್ಲ, ಹಬೆಯಲ್ಲಿ ಬೇಯಿಸಿದಾಗ ಹಬೆಯ ಜೊತೆ ಏರಿ ಬರುವ ವಾಸನೆಯ ಸಾರ. ಮರುದಿನ ನೋಡಿದರೆ ಅಜವಾನದ ಬಿಲ್ಲೆಯ ಸುತ್ತ ದುಂಡಗೆ ಬಯಲು. ಒಂದು ಹಳದಿ ಚುಕ್ಕೆ ಇಲ್ಲ.

ಅಣ್ಣ ಅದನ್ನು ನೋಡಲೆಂದೇ ಕೊಪ್ಪಳಕ್ಕೆ ಬಂದ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತ.

"ಇಲ್ಲಿ ಯಾಕ ಬೆಳದಿಲ್ಲ?"

"ಅಲ್ಲಿ ಅಜವಾನದ ಎಣ್ಣಿ ಐತಿ."

"ನಾವು ಹೊಟ್ಟಿನೋವಿಗೆ ತಿಂತೀವಲ್ಲ, ಆ ಅಜವಾನ?"

"ಅದ. ಆದ್ರ ತಟ್ಟಿ ಬ್ಯಾರೆ, ತೋಟ ಬ್ಯಾರೆ. ಈಗ ಏನೂ ಹೇಳಾಕ ಆಗೂದಿಲ್ಲ."

ಅವನು ನನ್ನ ಎರಡನೇ ಮಾತು ಕೇಳಿಸಿಕೊಳ್ಳಲಿಲ್ಲ. ಕಿವಿ ಕೇಳದವರು ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ಅಲ್ಲ.

ಎಣ್ಣೆಯನ್ನು ಬಾಟಲಿಯಲ್ಲಿ ಕೊಂಡು ತೋಟಕ್ಕೆ ಹೊಡೆಯುವುದು ಆಗದ ಮಾತು. ನಾವೇ ಇಳಿಸಬೇಕು. ತಾಮ್ರದ ಹಂಡೆಗೆ ಮಣ್ಣು ಮೆತ್ತಿ, ಕೊಳವೆ ಕೂರಿಸಿ, ಹಬೆಯನ್ನು ತಣ್ಣೀರಿನಲ್ಲಿ ಹಾಯಿಸಿ ಅಜವಾನದ ಭಟ್ಟಿ ಹೂಡಿದೆವು. ನಮ್ಮ ಕಡೆ ಭಟ್ಟಿ ಎಂದರೆ ಒಂದೇ ಅರ್ಥ. ಕಾಲೇಜಿನ ಮೇಡಂ ತವರುಮನೆಯಲ್ಲಿ ಕಳ್ಳಭಟ್ಟಿ ಇಟ್ಟಿದ್ದಾಳೆಂದು ಊರೆಲ್ಲ ಸುದ್ದಿಯಾಗಿ, ಸಂಜೆ ಒಬ್ಬ ಮುದುಕ ಲೋಟ ಹಿಡಿದುಕೊಂಡೇ ಬಂದ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ಉರೀತೈತಿ ಖರೆ, ಏರೂದಿಲ್ಲಲ್ಲ," ಎಂದು ಬೈದು ಹೋದ. ಆ ದಿನಗಳಲ್ಲಿ ನಾವು ಮನಸಾರೆ ನಕ್ಕದ್ದು ಅದೊಂದೇ.

ಮೊದಲ ಸಲ ಹೊಡೆದಾಗ ಎಲೆಗಳೇ ಸುಟ್ಟವು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಮೇಲೆ ತೇಲಿ ಒಂದು ಗಿಡಕ್ಕೆ ಎಲ್ಲವೂ, ಇನ್ನೊಂದಕ್ಕೆ ಬರೀ ನೀರು. ಅಂಟುವಾಳಕಾಯಿ ನೆನೆಸಿ, ನೊರೆ ಕಡೆದು, ಅದರಲ್ಲಿ ಎಣ್ಣೆ ಬೆರೆಸಿದರೆ ಹಾಲಿನ ಹಾಗೆ ಒಂದಾಯಿತು. ಹಗಲಲ್ಲಿ ಹೊಡೆದರೆ ಮಧ್ಯಾಹ್ನದ ಬಿಸಿಲಿಗೆ ಹಾರಿಹೋಗುತ್ತಿತ್ತು, ಸಂಜೆಗೆ ಹೊಡೆಯತೊಡಗಿದೆವು. ಎಷ್ಟು ನೀರಿಗೆ ಎಷ್ಟು ಎಂದು ಹೇಳುವವರು ಯಾರೂ ಇಲ್ಲ. ನಾನು ಸಿಕ್ಕ ಸಿಕ್ಕ ಸಂಶೋಧನಾ ಲೇಖನ ಓದಿದೆ. ಎಲ್ಲದರಲ್ಲೂ ಗಾಜಿನ ತಟ್ಟೆ, ಎಲ್ಲದರಲ್ಲೂ ದುಂಡನೆಯ ಬಯಲು, ಎಲ್ಲದರ ಕೊನೆಗೂ ಇನ್ನಷ್ಟು ಸಂಶೋಧನೆ ಆಗಬೇಕೆಂಬ ಒಂದು ಸಾಲು. ಆ ಸಾಲಿನ ಆಚೆಗೆ ಯಾರೂ ಹೋದಂತೆ ಕಾಣಲಿಲ್ಲ. ಶನಿವಾರ ಸಂಜೆ ಬಸ್ಸು ಹಿಡಿದು ಊರಿಗೆ, ಸೋಮವಾರ ಬೆಳಗಿನ ಬಸ್ಸಿಗೆ ಕಾಲೇಜಿಗೆ. ನನ್ನ ಸೀರೆಗಳೆಲ್ಲ ಅಜವಾನ ನಾರುತ್ತಿದ್ದವು. ಪಾಠ ಮಾಡುವಾಗ ಮುಂದಿನ ಬೆಂಚಿನ ಹುಡುಗಿಯರು ದುಪಟ್ಟಾ ಮೂಗಿಗೆ ಹಿಡಿಯುತ್ತಿದ್ದರು. ಸಾಕಾಗಿ ಹೋಗಿತ್ತು ನನಗೆ.

ಆದರೂ ಹೊಸದಾಗಿ ಒಡೆದ ಚಿಗುರಿನಲ್ಲಿ ಚುಕ್ಕೆ ಕಡಿಮೆ ಇದ್ದವು. ಎಣ್ಣೆಯಿಂದಲೋ, ಆಗ ಬಿದ್ದ ಒಣ ಹವೆಯಿಂದಲೋ, ದೇವರಿಗೇ ಗೊತ್ತು. ಹಳೆಯ ಕಲೆಗಳು ಹಾಗೇ ಇದ್ದವು, ಕಾಯಿಗಳು ಸೀಳುತ್ತಲೇ ಇದ್ದವು. ರೋಗ ಹೋಗಿಲ್ಲ, ಒಡ್ಡು ದಾಟುವಂತಿಲ್ಲ ಎಂದು ಅಣ್ಣನಿಗೂ ಅತ್ತಿಗೆಗೂ ಬಿಡಿಸಿ ಹೇಳಿದೆ. ಅವರಿಗೆ ತಿಳಿಯಿತು. ತಿಳಿಯದೆ ಉಳಿದದ್ದು ಅವ್ವನಿಗೆ. ಅವಳಿಗೆ ಕಿವಿ ಇರಲಿಲ್ಲ, ಮೂಗು ಇತ್ತು.

ನಮ್ಮಲ್ಲಿ ಬಾಣಂತಿಯ ಕೋಣೆಗೆ ಅಜವಾನದ ಹೊಗೆ ಹಾಕುತ್ತಾರೆ. ಹೊರಗಿನಿಂದ ಬಂದವರು ಆ ಕೆಂಡದ ಮುಂದೆ ಒಂದಿಷ್ಟು ನಿಂತು, ಕಾಲಿಗೆ ಕೈಗೆ ಹೊಗೆ ತಾಗಿಸಿಕೊಂಡ ಮೇಲೆಯೇ ಕೂಸು ಮುಟ್ಟಬೇಕು. ಹೊಗೆ ಆಯಿತೆಂದರೆ ಮೈಲಿಗೆ ಹೋಯಿತು, ಮತ್ತೆ ಯಾರೂ ಏನೂ ಅನ್ನುವಂತಿಲ್ಲ. ಅವ್ವ ಊರಿನ ಎಷ್ಟೋ ಬಾಣಂತಿಯರಿಗೆ ಆ ಹೊಗೆ ಹಾಕಿದವಳು. ಸಂಜೆ ಸಂಜೆ ಅಣ್ಣನ ತೋಟವೆಲ್ಲ ಅದೇ ವಾಸನೆ ಹೊಡೆಯುವಾಗ ಅವಳು ಮೂಗರಳಿಸಿ, "ಈಗ ನೋಡು, ಗಿಡ ಛಲೋ ಆದುವು," ಅನ್ನುತ್ತಿದ್ದಳು. ನಾವು ತಲೆಯಾಡಿಸುತ್ತಿದ್ದೆವು. ಅಷ್ಟಕ್ಕೆಲ್ಲ ಯಾರು ಕೂಗುತ್ತಾರೆ?

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಹೊಲಕ್ಕೆ ಹೋಳಿಗೆ, ಕಡುಬು, ಸಜ್ಜೆ ರೊಟ್ಟಿ, ಪಲ್ಯ ಎಲ್ಲ ಒಯ್ದು, ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಚರಗ ಚೆಲ್ಲುವುದು ಗಂಡಸರ ಕೆಲಸ. ಅಪ್ಪ ಹೋದ ಮೇಲೆ ಇಬ್ಬರು ಮಕ್ಕಳ ನಡುವೆ ಯಾರು ಮುಂದೆ ಎಂಬ ತಕರಾರು ಬರಬಾರದೆಂದು ಅವ್ವನೇ ಅದನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಹಿರಿಯನ ಹೊಲ ಮೊದಲು, ಕಿರಿಯನದು ಆಮೇಲೆ. ಈ ಸಲ ತಿರುವು ಮುರುವು ಮಾಡಬೇಕು, ರೋಗ ಇಲ್ಲದ ತೋಟ ಮೊದಲು, ರೋಗದ ತೋಟ ಆಮೇಲೆ, ವಾಪಸ್ ಬರುವಂತಿಲ್ಲ ಎಂದು ಹಿಂದಿನ ದಿನ ತಮ್ಮ, ನಾನು ಸರದಿಯ ಮೇಲೆ ಗಂಟಲು ಹರಿಯುವಂತೆ ಕೂಗಿ ಹೇಳಿದ್ದೆವು. ಆಕೆ ಹ್ಞೂಂ ಅಂದಿದ್ದಳು.

ಬೆಳಿಗ್ಗೆ ನಾವು ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದೆವು. ತಮ್ಮ ಬೀಗರನ್ನು ಕರೆತರಲು ಕುಷ್ಟಗಿಗೆ ಹೋಗಿದ್ದ. ಅವ್ವ ಮೊದಲ ಬುಟ್ಟಿ ಹೊತ್ತುಕೊಂಡು ಒಬ್ಬಳೇ ಮುಂದೆ ನಡೆದುಬಿಟ್ಟಿದ್ದಳು. ಇಬ್ಬನಿ ಇನ್ನೂ ಆರಿರಲಿಲ್ಲ. ಅತ್ತಿಗೆ ಹಿಂದಿನಿಂದ ಓಡಿ ಹೋಗಿ ನೋಡುವಷ್ಟರಲ್ಲಿ ಆಕೆ ಅಣ್ಣನ ತೋಟ ಸುತ್ತಿ ಮುಗಿಸಿ, ಒದ್ದೆ ಸೀರೆಯಲ್ಲೇ ಹಗ್ಗದ ಕೆಳಗೆ ಬಗ್ಗಿ, ತಮ್ಮನ ತೋಟದ ಮೊದಲ ಸಾಲಿನ ಗುಂಟ ಗಿಡ ಸವರುತ್ತ ಚರಗ ಚೆಲ್ಲುತ್ತಿದ್ದಳು. ಅತ್ತಿಗೆ ಕೂಗಿದಳು, ಕೇಳಲಿಲ್ಲ. ಹೋಗಿ ಭುಜ ಹಿಡಿದರೆ ಅವ್ವ ಸಮಾಧಾನವಾಗಿ ತನ್ನ ಪಾದ ತೋರಿಸಿದಳು.

"ಅಜವಾನದ ನೀರಾಗ ಕಾಲು ತೊಳಕೊಂಡ ಬಂದೀನಿ. ಮೈಲಿಗಿ ಇಲ್ಲ."

ಅಣ್ಣನ ಡ್ರಮ್ಮಿನಲ್ಲಿ ಹಿಂದಿನ ಸಂಜೆಯ ಎಣ್ಣೆ ನೀರು ಉಳಿದಿತ್ತು. ಅದರಲ್ಲಿ ತೊಳೆದುಕೊಂಡಿದ್ದಳು, ಪಾದ ಮಾತ್ರ.

ಅತ್ತಿಗೆ ನನಗೂ ಅಣ್ಣನಿಗೂ ಮಾತ್ರ ಹೇಳಿದಳು. ತಮ್ಮನಿಗೆ ಆವತ್ತೇ ಹೇಳಿದೆವು, ಮುಚ್ಚಿಡಲಿಲ್ಲ ಎಂದು ಬರೆಯಲು ಆಸೆ, ಆದರೆ ಹೇಳಲಿಲ್ಲ. ಹಬ್ಬದ ದಿನ, ಬೀಗರು ಬಂದಿದ್ದಾರೆ, ಏನೂ ಆಗದೆಯೂ ಇರಬಹುದು, ನೋಡೋಣ ಎಂದ ಅಣ್ಣ. ಆಮೇಲೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತು. ಸಂಕ್ರಾಂತಿ ಮುಗಿದ ಮೇಲೆ ತಮ್ಮನ ತೋಟದ ಮೊದಲ ಸಾಲಿನಲ್ಲಿ ಚುಕ್ಕೆ ಕಂಡವು.

ಇದಕ್ಕೆ ಅವ್ವನೇ ಕಾರಣ ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಆ ಸಾಲು ಒಡ್ಡಿಗೇ ಹತ್ತಿದ್ದು. ಮಳೆ ಗಾಳಿ ಎರಡೂ ಅಣ್ಣನ ಕಡೆಯಿಂದಲೇ ಬೀಸುತ್ತಿದ್ದವು, ಹೇಗಿದ್ದರೂ ಒಂದು ದಿನ ಬರುವುದೇ ಇತ್ತು. ಆದರೆ ಮನೆಯ ಜಗಳಕ್ಕೆ ಗಾಳಿ ಸಾಲುವುದಿಲ್ಲ, ಮನುಷ್ಯರೇ ಬೇಕು. ತಮ್ಮ ಪಡಸಾಲೆಗೆ ಬಂದು ನಿಂತ. ಅವ್ವ ನಮ್ಮ ನಡುವೆಯೇ ಕೂತು ಅಜವಾನ ಕೇರುತ್ತಿದ್ದಳು, ಮುಂದಿನ ಭಟ್ಟಿಗೆ.

"ನನ್ನ ಹೊಲದಾಗ ಯಾರು ಕಾಲಿಟ್ರು? ಖರೆ ಹೇಳ್ರಿ."

ತಮ್ಮನ ಹೆಂಡತಿ ಬಾಗಿಲ ಹಿಂದಿನಿಂದ, "ಚರಗ ಆ ಸಾಲಿನಾಗ..." ಎಂದು ಶುರು ಮಾಡಿದಳು. ಅಣ್ಣ ಆ ಮಾತು ಮುಗಿಯಲು ಬಿಡಲಿಲ್ಲ.

"ನಾನ ಬಂದಿದ್ನಿ. ವಾಲ್ವ್ ತಿರುವಾಕ. ಕತ್ತರಿ ಕೈಯಾಗ ಇತ್ತು."

ಸುಳ್ಳು. ವಾಲ್ವ್ ಇರುವುದು ಬೋರಿನ ಹತ್ತಿರ, ತಮ್ಮನ ತೋಟದಲ್ಲಲ್ಲ. ಅದು ತಮ್ಮನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ನಿಜವೇನೆಂದು ಆಗಲೇ ಹೊಳೆದಿತ್ತು, ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವ್ವನ ಮೇಲೆ ಸಿಟ್ಟು ಮಾಡುವಂತಿಲ್ಲ, ಸಿಟ್ಟು ಮಾತ್ರ ಬೆಟ್ಟದಷ್ಟಿತ್ತು. ಅಣ್ಣ ತಾನಾಗಿ ಕೊರಳು ಕೊಟ್ಟ, ಇವನು ತೆಗೆದುಕೊಂಡ. ಅವತ್ತಿನಿಂದ ಮೊಬೈಲಿನ ಮಾತೂ ನಿಂತಿತು. ಅವ್ವ ಎಲ್ಲರ ಮುಖ ಒಂದೊಂದಾಗಿ ನೋಡಿದಳು. ಯಾರೂ ಕೂಗಿ ಹೇಳಲಿಲ್ಲ. ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

ಆ ಬೇಸಿಗೆಯಲ್ಲಿ ಅಣ್ಣ ತನ್ನ ದಾಳಿಂಬೆ ಅಷ್ಟನ್ನೂ ಜೆಸಿಬಿ ತರಿಸಿ ಕಿತ್ತು ಸುಟ್ಟ. ಎಣ್ಣೆಯಿಂದ ಗುಣವಾಗುತ್ತಿತ್ತೋ ಇಲ್ಲವೋ, ಇನ್ನೊಂದು ವರ್ಷ ನೋಡಿದ್ದರೆ ತಿಳಿಯುತ್ತಿತ್ತೋ ಏನೋ. ಅವನು ನೋಡಲಿಲ್ಲ. "ನನ್ನ ಕಡಿಂದ ಇನ್ನ ಅವಗ ಹೋಗೂದು ಬ್ಯಾಡ," ಅಂದ. ಬೇರು ಸಮೇತ ಬಿದ್ದ ಗಿಡಗಳಲ್ಲಿ ಹೂ ಇದ್ದವು. ನನಗೆ ಅಳು ಬಂತು, ಅತ್ತುಬಿಟ್ಟೆ, ಮರುದಿನ ಕಾಲೇಜಿಗೆ ಹೋಗಿ ಪರೀಕ್ಷೆಯ ಪೇಪರು ತಿದ್ದಿದೆ. ನನ್ನ ಕೈಯಿಂದ ಇನ್ನು ಇಂಥದ್ದೇನೂ ಆಗದು ಎಂದು ಎಣ್ಣೆಯ ಬಾಟಲಿಗಳನ್ನೆಲ್ಲ ಲ್ಯಾಬಿನ ಕಪಾಟಿಗೆ ಸೇರಿಸಿ ಬೀಗ ಹಾಕಿದೆ.

ಮಳೆಗಾಲ ಕಳೆದ ಮೇಲೆ ತಮ್ಮನ ಫೋನು ಬಂತು. ಚುಕ್ಕೆ ಬಂದ ಗಿಡಗಳನ್ನು ಕಡಿದಿದ್ದರೂ ಎರಡನೇ ಸಾಲಿಗೆ ಹತ್ತಿತ್ತು, ಪುಡಿ ಎಷ್ಟು ಹೊಡೆದರೂ ಕೇಳುತ್ತಿರಲಿಲ್ಲ.

"ಅಕ್ಕಾ, ಆ ಎಣ್ಣಿ ಇನ್ನೂ ಐತೇನು?"

"ಐತಿ. ಅದರಿಂದ ಆಗತೈತಿ ಅಂತ ನಾ ಹೇಳೂದಿಲ್ಲ, ನೋಡು."

"ನೀ ಯಾವತ್ತರ ಹೇಳೀಯೇನು? ತಗೊಂಡ ಬಾ."

ಹೋದೆ. ಸಂಜೆ ಅವನ ತೋಟದ ಬಾಗಿಲಲ್ಲಿ ಕೂತು ಅಂಟುವಾಳದ ನೊರೆ ಕಡೆದು ಎಣ್ಣೆ ಬೆರೆಸತೊಡಗಿದೆ. ಅವ್ವ ನನ್ನ ಜೊತೆ ಬಂದಿದ್ದಳು. ಒಳಗೆ ಬರಲಿಲ್ಲ, ಬ್ಲೀಚಿಂಗ್ ನೀರಿನ ಬುಟ್ಟಿಯ ಹೊರಗೇ ಕಲ್ಲಿನ ಮೇಲೆ ಕೂತಳು. ಒಡ್ಡಿನ ಆಚೆ ಅಣ್ಣ ದಾಳಿಂಬೆ ಕಿತ್ತ ಹೊಲದಲ್ಲಿ ಹೊಸದಾಗಿ ಬಿತ್ತಿದ ತೊಗರಿಯ ನಡುವೆ ಕಸ ಕೀಳುತ್ತಿದ್ದ. ಈಗ ಅವನಿಂದ ಯಾವ ಗಿಡಕ್ಕೂ ಯಾವ ಭಯವೂ ಇರಲಿಲ್ಲ, ಆದರೂ ಹಗ್ಗ ಹಾಗೇ ಇತ್ತು. ಎಣ್ಣೆಯ ವಾಸನೆ ಏಳುತ್ತಲೇ ಅವ್ವ ನನ್ನ ಕಡೆ ತಿರುಗಿದಳು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟಿದೆ ಎಂದು ತಿಳಿಯುವುದಿಲ್ಲ, ಅವಳ ಮಾತು ಮೂರು ಹೊಲಕ್ಕೆ ಕೇಳಿಸಿತು.

"ಮಗಳ, ಆ ರೋಗ ನನ್ನ ಕಾಲಾಗಿಂದ ಬಂತೇನು?"

ಎಷ್ಟು ತಿಂಗಳಿನಿಂದ ಅದನ್ನು ಒಳಗಿಟ್ಟುಕೊಂಡು ಕೂತಿದ್ದಳೋ. ಅಣ್ಣ ಬಗ್ಗಿದವನು ನೆಟ್ಟಗೆ ನಿಂತ. ತಮ್ಮ ಪಂಪಿನ ಕೊಳವೆ ಹಿಡಿದವನು ಹಾಗೇ ನಿಂತ. ಸಣ್ಣ ದನಿಯಲ್ಲಿ ಹೇಳಿ ಜಾರಿಕೊಳ್ಳುವಂತಿರಲಿಲ್ಲ. ನಾನು ಎದ್ದು ಅವಳ ಕಿವಿಯ ಹತ್ತಿರ ಬಾಯಿಟ್ಟು, ಇದ್ದಬದ್ದ ದನಿಯೆಲ್ಲ ಕೂಡಿಸಿ ಕೂಗಿದೆ.

"ಇಲ್ಲವ್ವಾ! ಗಾಳೀಲೆ ಬಂತು!"

ಅವಳು ನನ್ನನ್ನು ನಂಬಲಿಲ್ಲ. ತಮ್ಮನ ಕಡೆ ನೋಡಿದಳು, ಅವನು ಹೇಳಲಿ ಎಂದು. ತಮ್ಮ ಕೊಳವೆ ಕೆಳಗಿಟ್ಟು ಬಂದ. ಬುಟ್ಟಿ ದಾಟಿ, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆಕೆಯ ಎರಡೂ ಪಾದ ಹಿಡಿದುಕೊಂಡ. ಕೊರಳ ನರ ಉಬ್ಬುವಂತೆ ಕೂಗಿದ.

"ಗಾಳೀಲೆ ಬಂತು ಬೇ! ಯಾರಿಂದೂ ಅಲ್ಲ!"

ಅವ್ವ ಅವನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಒಡ್ಡಿನ ಕಡೆ ಕೈ ಮಾಡಿದಳು.

"ಹಂಗಾರ ಅವನ ಕೂಡ ಯಾಕ ಮಾತು ಬಿಟ್ಟೀ?"

ತಮ್ಮ ತಲೆ ಎತ್ತಿ ಅಣ್ಣನನ್ನು ನೋಡಿದ. ಅಣ್ಣ ಕುಡುಗೋಲು ಹಿಡಿದುಕೊಂಡು ಅಲ್ಲೇ ನಿಂತಿದ್ದ. ಅವ್ವ ಉತ್ತರಕ್ಕೆ ಕಾಯುತ್ತಿದ್ದಳು. ಕೂಗಿ ಹೇಳಬಹುದಾದಂಥದ್ದು ನಮ್ಮ ಮೂವರಲ್ಲಿ ಯಾರ ಹತ್ತಿರವೂ ಇರಲಿಲ್ಲ.